ಅಕ್ಕಮ್ಮನೋರ ಜಾಗ

ಕದಿರಮ್ಮ ಎಣ್ಣೆ ಬಟ್ಟಲು ಹಿಡಿದು ಗುಡ್ಡ ಹತ್ತಿದಳು. ಬಂಡೆಯ ಸಂದಿಗೆ ಬಗ್ಗಿ ನೋಡಿದಳು. ಅಕ್ಕಮ್ಮನೋರು ಇರಲಿಲ್ಲ.

ಏಳು ಜನ ಅಕ್ಕತಂಗಿಯರು ಸಾಲಾಗಿ ಕೂತ ಒಂದೇ ಕಲ್ಲು, ಮೊಣಕಾಲೆತ್ತರದ್ದು. ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಹೋದ ಶುಕ್ರವಾರ ಇತ್ತು. ಈಗ ಅಲ್ಲಿ ಎಣ್ಣೆ ಜಿಡ್ಡು, ಒಣಗಿದ ಕಣಗಿಲೆ ಹೂವು, ಹಾರೆ ತಾಗಿದ ಗುರುತು.

ಅವಳ ಕೂಗಿಗೆ ದೊಣೆಪಲ್ಲಿ ಊರೇ ಓಡಿಬಂತು. ಸ್ವಲ್ಪ ಹೊತ್ತಿಗೆಲ್ಲ ಜನ ಕಳ್ಳನನ್ನು ಬಿಟ್ಟು ಅವಳನ್ನೇ ಹಿಡಿದುಕೊಂಡಿದ್ದರು. ಊರೆಂದರೆ ಹಾಗೇ. ಕೈಗೆ ಸಿಕ್ಕವರೇ ಕಳ್ಳರು.

* * *

ಸಬ್ ಇನ್ಸ್‌ಪೆಕ್ಟರ್ ನಂದಿತಾ ಬಂದಾಗ ಶಾಲೆಯ ಗೋಡೆಯ ಮುಂದೆ ಒಂದು ಬಕೆಟ್ ಸುಣ್ಣ ಕಲಸಿಟ್ಟಿತ್ತು. ಪಂಚಾಯಿತಿ ಮೆಂಬರ್ ಚನ್ನರಾಯಪ್ಪ ಬ್ರಷ್ ಹಿಡಿದು ನಿಂತಿದ್ದ. ಮಾವಿನ ವ್ಯಾಪಾರಿ. ಮಾತಿನಲ್ಲೂ ವ್ಯಾಪಾರಿಯೇ.

"ಈ ಗೋಡೆ ಮೇಲಿರೋ ನಕ್ಷೆನೇ ಕಳ್ಳನಿಗೆ ದಾರಿ ತೋರ್ಸಿದ್ದು ಮೇಡಂ. ನೋಡ್ಕೊಂಡ, ನೆಟ್ಟಗೆ ಹೋದ, ಎತ್ಕೊಂಡ. ಇದನ್ನ ಬರ್ಸಿದ್ದು ಈ ಕದಿರಮ್ಮ. ಇನ್ಮೇಲೆ ಇವಳು ಅಕ್ಕಮ್ಮನೋರಿಗೆ ದೀಪ ಹಚ್ಚಂಗಿಲ್ಲ. ಊರು ತೀರ್ಮಾನ ಮಾಡೈತೆ."

ಕದಿರಮ್ಮ ತಲೆ ಎತ್ತಲಿಲ್ಲ. ಅವಳ ಅತ್ತೆ, ಅತ್ತೆಯ ಅತ್ತೆ ಹಚ್ಚಿಕೊಂಡು ಬಂದ ದೀಪ ಅದು. ಅದು ಹೋದರೆ ಊರಿನಲ್ಲಿ ಅವಳು ಮುಖ ಎತ್ತಿ ತಿರುಗುವ ಹಾಗಿರಲಿಲ್ಲ.

ನಂದಿತಾ ಗೋಡೆಯ ಕಡೆ ತಿರುಗಿದಳು. ಕೇಳಬೇಕೆಂದಿದ್ದ ಪ್ರಶ್ನೆ ಮರೆತೇಹೋಯಿತು.

ಇಡೀ ಊರು ಗೋಡೆಯ ಮೇಲಿತ್ತು. ನೀರಿರುವ ಬಾವಿ ನೀಲಿ, ಬತ್ತಿದ ಬಾವಿ ಕಪ್ಪು. ಪ್ರತಿ ಮನೆ, ಪ್ರತಿ ಹುಣಸೆ ಮರ. ತಿಪ್ಪೆಗಳೂ ಇದ್ದವು, ಹುಲ್ಲಿನ ಬಣವೆಗಳೂ ಇದ್ದವು. ಯಾರದೋ ಹಿತ್ತಿಲಲ್ಲಿ ಒಂದು ಕುಂಟು ಎಮ್ಮೆ. ಮುಳಬಾಗಿಲಿನ ಹುಡುಗಿ ನಂದಿತಾ ಸರ್ವೆ ನಕ್ಷೆಗಳನ್ನು ಬೇಕಾದಷ್ಟು ನೋಡಿದ್ದಳು. ಅವುಗಳಲ್ಲಿ ಜಮೀನು ಇರುತ್ತಿತ್ತು, ಜನ ಇರುತ್ತಿರಲಿಲ್ಲ. ಇಲ್ಲಿ ಬೂಟು ಬಿಚ್ಚಿ ನಿಲ್ಲಬೇಕು ಅನ್ನಿಸಿತು.

"ಹೆಂಗಸರೆಲ್ಲ ಸೇರಿ ಹೋದ ತಿಂಗಳು ಈ ಸ್ಕೂಲ್ ಅಂಗಳದಲ್ಲಿ ರಂಗೋಲಿ ಪುಡಿಲಿ ಬರೆದ್ರು ಮೇಡಂ," ಎಂದ ಕೌಸ್ತುಭ್. ಕೆರೆ ಯೋಜನೆಗಾಗಿ ಕೋಲಾರದಿಂದ ಬಂದಿದ್ದವನು. "ನಾನು ಇದ್ದದ್ದು ಇದ್ದಂಗೆ ಗೋಡೆಗೆ ಇಳಿಸಿದೆ. ತಿಪ್ಪೆ, ಬಣವೆ ಎಲ್ಲ ಯಾಕೆ ಅಂದೆ. ಹೊಲಕ್ಕೆ ಗೊಬ್ಬರ, ದನಕ್ಕೆ ಮೇವು, ಅದು ಬಿಟ್ರೆ ಊರೆಲ್ಲಿ ಅಂದ್ರು."

"ಅಕ್ಕಮ್ಮನೋರ್ನ ಹಾಕಿ ಅಂದವರು?"

ಕದಿರಮ್ಮ ಮೊದಲ ಸಲ ಬಾಯಿಬಿಟ್ಟಳು. "ನಮಗೆ ಇಷ್ಟ ಇರ್ಲಿಲ್ಲ ತಲ್ಲೀ. ಏನೂ ಬಿಡಬೇಡಿ, ಅಮ್ಮನೋರ್ನೂ ಹಾಕಿ ಅಂತ ಮೆಂಬರ್ರೇ ಹಟ ಮಾಡಿದ್ರು. ಹೇಳಿ, ಮಾವಿನಕಾಯಿ ಲೋಡ್ ಮಾಡ್ಸೋಕೆ ಹೋದ್ರು."

ಕಾನ್‌ಸ್ಟೆಬಲ್ ನರಸಿಂಹಪ್ಪ ಮೇಡಂ ಕಿವಿಯ ಹತ್ತಿರ ಬಂದ. "ನಂಗೆ ಅನುಮಾನ ಈ ಕೋಲಾರದ ಹುಡುಗನ ಮೇಲೇ ಮೇಡಂ. ನಕ್ಷೆದು ಒಂದು ಕಾಪಿ ಆಫೀಸಿಗೆ ಒಯ್ದಿದಾನೆ. ಯಾರ್ಯಾರು ನೋಡಿದ್ರೋ!"

ಕೌಸ್ತುಭ್‌ನ ಚೀಲದಲ್ಲಿ ಇನ್ನೊಂದು ಕಾಪಿ ಇತ್ತು. ನಂದಿತಾ ಅದನ್ನು ಇಸಿದುಕೊಂಡಳು.

"ಸರಿ. ಈಗ ನಾನೇ ಕಳ್ಳಿ. ಊರಿಗೆ ಹೊಸಬಳು. ಕೈಯಲ್ಲಿ ನಕ್ಷೆ ಇದೆ. ಎಲ್ಲರೂ ನನ್ನ ಹಿಂದೆ ಬನ್ನಿ, ಯಾರೂ ದಾರಿ ಹೇಳಬೇಡಿ."

* * *

ನೀಲಿ ಬಾವಿ ದಾಟಿದರು. ಜೋಡಿ ಹುಣಸೆ ದಾಟಿದರು. ಗಂಗುಲಪ್ಪನ ಟೊಮೇಟೊ ತೋಟದ ಬದುವಿನಲ್ಲಿ ದಾರಿ ಮುಗಿಯಿತು. ಮುಂದೆ ಒಂದು ಬೋಳು ಬಂಡೆ. ಅದರ ಮೇಲೆ ಓತಿಕ್ಯಾತ ತಲೆಯಾಡಿಸುತ್ತಿತ್ತು.

ಚನ್ನರಾಯಪ್ಪನಿಗೆ ನಗು ತಡೆಯಲಾಗಲಿಲ್ಲ. "ದಾರಿ ತಪ್ಪಿದ್ರಿ ಮೇಡಂ! ಗುಡ್ಡ ಆ ಕಡೆ, ನೈಋತ್ಯಕ್ಕೆ."

"ನಾನು ತಪ್ಪಿಲ್ಲ. ನಕ್ಷೆ ಇಲ್ಲಿಗೇ ಕರ್ಕೊಂಡು ಬಂತು."

ಕಾಗದ ಎತ್ತಿ ತೋರಿಸಿದಳು. ಜನ ಮುಗಿಬಿದ್ದು ನೋಡಿದರು. ಅಕ್ಕಮ್ಮನೋರು ಇದ್ದದ್ದು ಈಶಾನ್ಯ ಮೂಲೆಯಲ್ಲಿ, ಗುಡ್ಡಕ್ಕೆ ನೇರ ಎದುರು ದಿಕ್ಕಿನಲ್ಲಿ. ದಿನಾ ಕಣ್ಣೆದುರಿಗಿದ್ದ ಗೋಡೆ, ಒಬ್ಬರೂ ಗಮನಿಸಿರಲಿಲ್ಲ. ಹೆತ್ತ ತಾಯಿ ಎಲ್ಲಿದ್ದಾಳೆಂದು ನಕ್ಷೆಯಲ್ಲಿ ಯಾರು ಹುಡುಕುತ್ತಾರೆ?

"ಕದಿರಮ್ಮ, ನಕ್ಷೆಲಿ ಅಮ್ಮನ್ನ ಇಲ್ಯಾಕೆ ತಂದಿಟ್ರಿ?"

"ಅಂಗಳದಲ್ಲಿ ಗುಡ್ಡ ಬಂದಿದ್ದು ಗೇಟ್ ಹತ್ರ. ಎಲ್ರೂ ತುಳಿಯೋ ಜಾಗ. ಅಮ್ಮನೋರ್ನ ಕಾಲಡಿ ಬರೆಯೋಕಾಗ್ತದಾ? ಈಶಾನ್ಯ ಮೂಲೆಲಿ ಮಣೆ ಹಾಕಿ, ಅರಿಶಿನ ಕುಂಕುಮ ಇಟ್ಟು ಕೂರ್ಸಿದ್ವಿ."

"ನಾನು ಅದೇ ಅವರ ಜಾಗ ಅಂದ್ಕೊಂಡೆ," ಎಂದ ಕೌಸ್ತುಭ್ ಸಣ್ಣ ದನಿಯಲ್ಲಿ.

"ನಕ್ಷೆ ನೋಡಿ ಬಂದವನು ಈ ಬಂಡೆ ಹತ್ರ ನಿಂತು ತಲೆ ಕೆರ್ಕೋತಿದ್ದ," ಎಂದಳು ನಂದಿತಾ. "ಕಲ್ಲು ಎತ್ತಿದವನಿಗೆ ನಕ್ಷೆ ಬೇಕಿರ್ಲಿಲ್ಲ. ಅವನು ಇದೇ ಊರವನು."

ಚನ್ನರಾಯಪ್ಪನ ನಗು ಎಲ್ಲಿ ಹೋಯಿತೋ.

* * *

ವಾಪಸ್ ಬರುವಾಗ ನಂದಿತಾ ಬೇರೆ ದಾರಿ ಹಿಡಿದಳು. ಒಂದು ಕಣ್ಣು ಕಾಗದದ ಮೇಲೆ, ಇನ್ನೊಂದು ಊರಿನ ಮೇಲೆ. ತಿಪ್ಪೆ ಅಂದಲ್ಲಿ ತಿಪ್ಪೆ. ಬಣವೆ ಅಂದಲ್ಲಿ ಬಣವೆ. ಕುಂಟು ಎಮ್ಮೆ ಕೂಡ ಅದೇ ಗೂಟದಲ್ಲಿ ಮೆಲುಕು ಹಾಕುತ್ತಿತ್ತು. ಇಷ್ಟು ಪ್ರೀತಿಯಿಂದ ತಮ್ಮ ಊರನ್ನು ನೋಡಿದವರು ಇದ್ದಾರಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಚನ್ನರಾಯಪ್ಪನ ಮಾವಿನ ಶೆಡ್ಡಿನ ಹಿಂದೆ ಅವಳು ನಿಂತಳು. ಅಲ್ಲೊಂದು ಬಣವೆ ಇತ್ತು. ನಕ್ಷೆಯಲ್ಲಿ ಇರಲಿಲ್ಲ.

"ಇದು ಯಾವಾಗಿಂದು?"

ಚನ್ನರಾಯಪ್ಪನ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಕಟ್ಟಿದವರು ಸುಮ್ಮನೆ ಕಟ್ಟಿಲ್ಲ.

"ಅದಾ ಮೇಡಂ... ಕಾಯಿ ಹಣ್ಣು ಮಾಡೋಕೆ ಹಾಕೋ ಹುಲ್ಲು."

ಕದಿರಮ್ಮ ಒಂದು ಎಳೆ ಕಿತ್ತು ಮೂಸಿದಳು. "ಇದು ರಾಗಿ ಹುಲ್ಲು. ಹಣ್ಣಿಗೆ ಹಾಕೋದು ಭತ್ತದ ಹುಲ್ಲಲ್ವಾ? ಮಾವಿನ ಕಾಲದಲ್ಲಿ ರಾಗಿ ಬಣವೆ ಯಾರು ಒಟ್ತಾರೆ ಮೆಂಬರ್ರೇ?"

ನರಸಿಂಹಪ್ಪ ಹುಲ್ಲು ಎಳೆದ. ಗೋಣಿಚೀಲ ಕಂಡಿತು. ಗೋಣಿ ಸರಿಸಿದ. ಏಳು ಮುಖಗಳು.

ಎಣ್ಣೆ ಸವರಿ ಸವರಿ ಕಣ್ಣು ಮೂಗು ಸವೆದುಹೋಗಿತ್ತು. ಆದರೂ ಅವರು ನೋಡುತ್ತಿದ್ದಾರೆ ಅನ್ನಿಸಿತು. ಊರೆಲ್ಲ ಕೈಮುಗಿಯಿತು. ನರಸಿಂಹಪ್ಪ ಸೆಲ್ಯೂಟ್ ಹೊಡೆದುಬಿಟ್ಟ.

"ಮೆಂಬರ್ರೇ, ನಿಮಗೆ ತಪ್ಪು ಹೊರಿಸೋಕೆ ಒಂದು ಗೋಡೆ ಬೇಕಿತ್ತು," ಎಂದಳು ನಂದಿತಾ. "ಅದಕ್ಕೇ ಅಮ್ಮನೋರ್ನ ಹಾಕಿಸಿದ್ರಿ. ಎಲ್ಲಿ ಹಾಕಿದ್ರು ಅಂತ ತಿರುಗಿ ಕೂಡ ನೋಡ್ಲಿಲ್ಲ. ಯಾರು ಬರ್ತಿದ್ರು ಇದನ್ನ ಒಯ್ಯೋಕೆ?"

"ಬೆಂಗಳೂರಿಂದ ವ್ಯಾನು... ಹಳೇ ವಿಗ್ರಹ ಕೊಳ್ಳೋರದ್ದು," ಎಂದ ಚನ್ನರಾಯಪ್ಪ.

* * *

ಸಂಜೆ ಕೌಸ್ತುಭ್ ಬಣ್ಣದ ಡಬ್ಬ ತಂದ. "ಈಗ ಅಮ್ಮನೋರ್ನ ಸರಿಯಾದ ಜಾಗದಲ್ಲಿ ಬರೆದುಬಿಡ್ಲಾ?"

ಕದಿರಮ್ಮ ಅದೇ ಬಕೆಟ್ಟಿನಲ್ಲಿ ಬ್ರಷ್ ಅದ್ದಿದಳು. ಈಶಾನ್ಯ ಮೂಲೆಗೆ ಮಾತ್ರ ಸುಣ್ಣ ಬಳಿದಳು. "ತಿಪ್ಪೆ ಇರ್ಲಿ, ಬಣವೆ ಇರ್ಲಿ. ಅಮ್ಮ ನಮಗೆ ಗೊತ್ತಲ್ಲಪ್ಪಾ. ಇನ್ಯಾರಿಗೆ ಬರೆಯೋದು?"

ಕಲ್ಲು ಮತ್ತೆ ಬಂಡೆಯ ಸಂದಿ ಸೇರಿತು. ಗುಡ್ಡದ ಮೇಲೆ ನಂದಿತಾ ಬೂಟು ಬಿಚ್ಚಿದಳು. ಕದಿರಮ್ಮನ ದೀಪ ಹೊತ್ತಿಕೊಂಡಿತು. ಏಳು ಮುಖಗಳೂ ಒಟ್ಟಿಗೆ ಬೆಳಗಿದವು. ನಂದಿತಾಗೆ ಕಣ್ಣು ತುಂಬಿ ಬಂತು.

ನರಸಿಂಹಪ್ಪ ಮಹಜರಿನ ಹಾಳೆ ತೆಗೆದ. "ಮೇಡಂ, ವಿಗ್ರಹ ಇದ್ದ ಜಾಗ? ದಿಕ್ಕು, ದೂರ, ಗುರುತು ಬರೀಬೇಕು."

ನಂದಿತಾ ಪೆನ್ನು ಇಸಿದುಕೊಂಡು ತಾನೇ ಬರೆದಳು:

'ಊರಿನವರಿಗೆ ಗೊತ್ತಿರುವ ಜಾಗ.'