ಕುಸುಮಾವಳಿಯ ಮನೆಗೆ ಕುಸುಮಾವತಿ ಬಂದದ್ದು

ಹಿಂದೆ, ಹುಲಿ ಹಾವುಗಳೂ ಮನುಷ್ಯರನ್ನು ನಿಲ್ಲಿಸಿ ಯೋಗಕ್ಷೇಮ ವಿಚಾರಿಸುತ್ತಿದ್ದ ಕಾಲದಲ್ಲಿ, ಸಂಪಿಗೆನಾಡು ಅಂತ ಒಂದು ರಾಜ್ಯ. ಅಲ್ಲಿನ ರಾಜನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಸಾಲದ್ದಕ್ಕೆ ಗಂಡನ ಮನೆ ಬಿಟ್ಟು ತವರಿನಲ್ಲೇ ಬೇರೂರಿದ ಹಿರಿಮಗಳು ಚೆನ್ನಾಜಿ. ಉಗ್ರಾಣದ ಬೀಗದಕೈ ಗೊಂಚಲು ರಾಣಿಯ ಸೊಂಟದಲ್ಲೂ ಇರಲಿಲ್ಲ, ಸೊಸೆಯರ ಸೊಂಟದಲ್ಲೂ ಇರಲಿಲ್ಲ. ಅದು ಚೆನ್ನಾಜಿಯ ಸೊಂಟದಲ್ಲಿತ್ತು.

ವಾರಗಿತ್ತಿಯರೆಂದರೆ ಹಾವು ಮುಂಗುಸಿ ಅನ್ನುವುದು ಲೋಕರೂಢಿ. ಹಿರಿಸೊಸೆ ಹೊನ್ನಾಂಬೆ, ಕಿರಿಸೊಸೆ ತಾರಾಮಣಿ ಮಾತ್ರ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆಡಿಕೊಳ್ಳಲು ಏನೂ ಸಿಗದೆ ದಾಸಿಯರ ನಾಲಿಗೆ ತುಕ್ಕು ಹಿಡಿದಿತ್ತು.

ಹೊನ್ನಾಂಬೆಗೆ ಹೆಣ್ಣು ಹುಟ್ಟಿತು, ಕುಸುಮಾವಳಿ ಎಂದು ಹೆಸರಿಟ್ಟರು. ವರ್ಷದೊಳಗೆ ತಾರಾಮಣಿಗೂ ಹೆಣ್ಣಾಯಿತು. ಆ ನಾಡಿನಲ್ಲಿ ಒಂದು ಕಟ್ಟಳೆ: ಒಂದೇ ಮನೆಯ ಮಕ್ಕಳಿಗೆ ಒಂದರಂತೆ ಒಂದು ಹೆಸರಿಡಬಾರದು. ಇಟ್ಟರೆ ಎರಡಕ್ಕೂ ಸೇರಿ ಒಂದೇ ಆಯಸ್ಸು. ಬರುವ ಅಮಾವಾಸ್ಯೆಯೊಳಗೆ ಒಂದು ಉಳಿಯುತ್ತದೆ, ಒಂದು ಹೋಗುತ್ತದೆ. ಇದು ಹಸುಗೂಸಿಗೂ ಗೊತ್ತಿದ್ದ ಮಾತು.

ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರುವ ಹಕ್ಕು ಸೋದರತ್ತೆಯದು. ತಾರಾಮಣಿ ಹಿಂದಿನ ದಿನವೇ ಚೆನ್ನಾಜಿಯ ಬಳಿ ಹೋಗಿ, ಇಂದುಮತಿ ಎಂದಿಡಿ ಅತ್ತಿಗೆ ಅಂತ ಹೇಳಿ ಬಂದಿದ್ದಳು. ಚೆನ್ನಾಜಿ ತೊಟ್ಟಿಲಿಗೆ ಬಗ್ಗಿದಳು, ಮೂರು ಸಲ ಉಸುರಿದಳು, ತಲೆಯೆತ್ತಿ ಸಭೆಗೆ ಸಾರಿದಳು.

"ಕುಸುಮಾವತಿ."

ಹೋಳಿಗೆ ಮುರಿಯುತ್ತಿದ್ದ ಕೈಗಳು ಮುರಿಯುತ್ತಿದ್ದಂತೆಯೇ ನಿಂತವು. ವಾಲಗದವನ ಉಸಿರು ವಾಲಗದಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹೊನ್ನಾಂಬೆಯ ಕೂಸು ಅತ್ತರೆ ತಾರಾಮಣಿಯ ಕೂಸಿನ ಕಣ್ಣಲ್ಲಿ ನೀರು ಬಂತು. ಇದಕ್ಕೆ ಹಾಲು ಕುಡಿಸಿದರೆ ಅದಕ್ಕೆ ತೇಗು. ಎರಡು ಕೂಸನ್ನೂ ಬಿಸಿಲಿಗೆ ಹಿಡಿದು ನೋಡಿದರು. ನೆಲದ ಮೇಲೆ ಒಂದೇ ನೆರಳು.

"ನನ್ನ ತಟ್ಟೆಯಲ್ಲೇ ಉಂಡು ನನ್ನ ಮಗಳ ಆಯಸ್ಸಿಗೇ ಕೈ ಹಾಕಿದೆಯಲ್ಲೇ ತಾರಾ" ಎಂದಳು ಹೊನ್ನಾಂಬೆ.

ತಾರಾಮಣಿ ಆಣೆಯಿಟ್ಟಳು, ನಾನು ಹೇಳಿದ್ದು ಇಂದುಮತಿ ಎಂದಳು. ಯಾರು ನಂಬುತ್ತಾರೆ? ಚೆನ್ನಾಜಿಯಂತೂ ಸೆರಗು ಬಾಯಿಗಿಟ್ಟು, ಹೇಳಿಕೊಟ್ಟದ್ದನ್ನು ಹೇಳಿದೆ, ನನಗೇನು ಗೊತ್ತು ಪಾಪಿಗೆ ಅಂತ ಬಿಕ್ಕಿದಳು. ಆ ಬಿಕ್ಕು ನೋಡಿದರೆ ಬಂಡೆಗೂ ಕರುಳು ಚುರ್ ಅನ್ನಬೇಕು.

ಇಟ್ಟ ಹೆಸರನ್ನು ಬಿಡಿಸುವ ಬಗೆ ಬಲ್ಲವನು ಗೂಬೆಗುಡ್ಡದ ಮಾಂತ್ರಿಕ ಕರಾಳಾಕ್ಷ ಒಬ್ಬನೇ. ಆ ಗುಡ್ಡದಲ್ಲಿ ಯಾರ ಹೆಸರು ಹೇಳಿದರೂ ಅವರು ಇದ್ದಲ್ಲಿಂದ ಕಿತ್ತು ಬಂದು ಅಲ್ಲಿ ಬೀಳುತ್ತಿದ್ದರು. ಬಿದ್ದವರು ಅವನ ಪಾಲು. ಅಮಾವಾಸ್ಯೆಗೆ ಮೂರೇ ದಿನ ಇತ್ತು. ತಾರಾಮಣಿ ಕೂಸನ್ನು ಗಂಡನ ಮಡಿಲಿಗೆ ಹಾಕಿ ಹೊರಟಳು.

ಮೊದಲ ದಿನ ಗುಡ್ಡದ ಬುಡದಲ್ಲೇ ನೀಲಿ ಹುಲಿ ಅಡ್ಡ ಬಂತು. ಗಂಡನ ಹೆಸರು ಹೇಳು, ದಾರಿ ಬಿಡುತ್ತೇನೆ ಎಂದಿತು.

"ಗಂಡನ ಹೆಸರು ಹಿಡಿದು ಹೇಳುವ ಹೆಂಗಸನ್ನು ಯಾವ ಸೀಮೆಯಲ್ಲಿ ಕಂಡೆ? ನಿಮ್ಮಮ್ಮ ಹೇಳುತ್ತಿದ್ದಳಾ?"

ಹುಲಿ ನಾಚಿ ಪಕ್ಕಕ್ಕೆ ಸರಿಯಿತು.

ಎರಡನೆಯ ದಿನ ಏಳು ಹೆಡೆಯ ಹಾವು ಅಡ್ಡ ಬಂತು. ಮಾವನ ಹೆಸರು ಕೇಳಿತು. ನಮ್ಮತ್ತೆಯ ಗಂಡ ಎಂದಳು. ಅತ್ತೆಯ ಹೆಸರು ಕೇಳಿತು. ನಮ್ಮ ಮಾವನ ಹೆಂಡತಿ ಎಂದಳು. ಮದುವೆಯಾದ ನಾಲ್ಕು ವರ್ಷದಿಂದ ಅವಳು ಹೀಗೇ ಮಾತಾಡಿ ಪಳಗಿದ್ದಳು. ಹಾವಿನ ಏಳು ಹೆಡೆಗಳೂ ಒಂದರ ಮುಖ ಒಂದು ನೋಡಿ ಗಂಟು ಬಿದ್ದವು.

ಮೂರನೆಯ ದಿನ ಕರಾಳಾಕ್ಷನೇ ಎದುರಾದ. ತೊಡೆಯ ಮೇಲೆ ಒಂದು ಸೋರೆಬುರುಡೆ, ಅದರೊಳಗೆ ಕೂಸು ಉಸಿರಾಡುವ ಸದ್ದು. ಮಗಳ ಹೆಸರು ಹೇಳು, ಬಿಡಿಸಿಕೊಡುತ್ತೇನೆ ಎಂದ. ತಾರಾಮಣಿಯ ನಾಲಿಗೆಯ ತುದಿಗೆ ಹೆಸರು ಬಂತು. ಹೇಳಿದರೆ ಕೂಸು ಇವನ ಕಾಲಡಿ. ನುಂಗಿಕೊಂಡಳು.

"ನಾನು ಇಡದ ಹೆಸರು ನನ್ನ ಬಾಯಲ್ಲಿ ಯಾಕೆ ಬರಬೇಕು? ಇಟ್ಟವರನ್ನು ಕೇಳು."

ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. "ಇಟ್ಟವರನ್ನು ನಾನು ಕೇಳಬೇಕಾ? ಹೋಗುವ ಕೂಸಿನ ಆಯಸ್ಸು ನಿನಗೆ, ಮನೆ ನನಗೆ ಅಂತ ನನ್ನ ಹತ್ತಿರ ಮಾತಾಡಿಕೊಂಡು ಹೋದವಳು ಚೆನ್ನಾಜಿ."

ಅಂದದ್ದೇ ತಡ, ಆಕಾಶದಿಂದ ದೊಪ್ಪನೆ ಚೆನ್ನಾಜಿ ಬಿದ್ದಳು, ಬೀಗದಕೈ ಗೊಂಚಲಿನ ಸಮೇತ. ಬಾಯಲ್ಲಿ ಇನ್ನೂ ಕೊಬ್ಬರಿ ಮಿಠಾಯಿ.

ಅತ್ತಿಗೆಯ ನಾಲಿಗೆಯನ್ನು ಯಾರೋ ಮಾಟದಿಂದ ತಿರುಚಿದ್ದಾರೆ ಎಂದೇ ತಾರಾಮಣಿ ಅಂದುಕೊಂಡಿದ್ದಳು. ಹೊರಗಿನ ಮಾಟವಲ್ಲ, ಮನೆಯ ಸೋದರತ್ತೆ. ತಾನು ಹೆತ್ತ ಕೂಸಿನ ಕಿವಿಗೆ ಬಾಯಿಟ್ಟವಳೇ.

ಸಿಕ್ಕಿಬಿದ್ದ ಮೇಲೆ ಚೆನ್ನಾಜಿಗೂ ಮುಚ್ಚಿಡುವ ಹಂಗು ಉಳಿಯಲಿಲ್ಲ. "ನೀವಿಬ್ಬರೂ ಒಂದಾಗಿದ್ದರೆ ಈ ಗೊಂಚಲು ನನ್ನ ಸೊಂಟದಲ್ಲಿ ಎಷ್ಟು ದಿನ ಇರುತ್ತಿತ್ತು?"

ಕೊಟ್ಟ ಬಾಯೇ ಹಿಂದಕ್ಕೆ ತೆಗೆದುಕೊಂಡರೆ ಹೆಸರು ಬಿಟ್ಟುಹೋಗುತ್ತದೆ ಎಂದು ಬುರುಡೆಯೇ ಒಳಗಿನಿಂದ ಪಿಸುಗುಟ್ಟಿತು. ಚೆನ್ನಾಜಿ ತುಟಿ ಬಿಗಿದು ಕೂತಳು.

"ಹಾಗೇ ಇರಿ ಅತ್ತಿಗೆ" ಎಂದಳು ತಾರಾಮಣಿ. "ನಾನು ಇಲ್ಲೇ ನಿಂತು ಊರವರ ಹೆಸರೆಲ್ಲ ಕೂಗುತ್ತೇನೆ. ಒಬ್ಬೊಬ್ಬರೇ ಬಂದು ನಿಮ್ಮ ಮುಖ ನೋಡಲಿ. ದಾಸಿ ಬೊಮ್ಮಕ್ಕ."

ಬೊಮ್ಮಕ್ಕ ಬಿದ್ದಳು, ಕೈಯಲ್ಲಿ ಒನಕೆ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಏಳು ಊರು ದಾಟುತ್ತಿತ್ತು. ಅವಳು ಚೆನ್ನಾಜಿಯನ್ನು ನೋಡಿದಳು, ಮಾಂತ್ರಿಕನನ್ನು ನೋಡಿದಳು, ಒನಕೆ ಕೆಳಗಿಟ್ಟು, ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತಳು.

ಸಾವಿಗೂ ಅಂಜದ ಚೆನ್ನಾಜಿ ಬೊಮ್ಮಕ್ಕನಿಗೆ ಅಂಜಿದಳು. ಕೊಟ್ಟ ಹೆಸರು ಹಿಂದಕ್ಕೆ ತೆಗೆದುಕೊಂಡೆ ಎಂದು ಮೂರು ಸಲ ಹೇಳಿದಳು. ಬುರುಡೆ ಟಪ್ಪನೆ ಒಡೆಯಿತು, ಉಸಿರು ಊರ ಕಡೆ ಹಾರಿತು. ಮಾಂತ್ರಿಕ ಸುಟ್ಟ ಹಪ್ಪಳದ ಹಾಗೆ ಮುದುರಿ ಪುಡಿಯಾದ. ಅವನ ಮಾಟ ಕಳಚಿ ಹುಲಿ ಮೊದಲಿನ ಕುಂಬಾರನಾದ, ಹಾವು ಮೊದಲಿನ ಬಳೆಗಾರನಾದ, ಇಬ್ಬರೂ ಹೆಂಡತಿಯರನ್ನು ನೆನೆದು ಓಡಿದರು.

ಅರಮನೆಯಲ್ಲಿ ಎರಡು ಕೂಸುಗಳಿಗೂ ಬೇರೆ ಬೇರೆ ನೆರಳು ಬಂದಿತ್ತು. ಬೊಮ್ಮಕ್ಕನ ಬಾಯಿಂದ ಹೊರಟ ಸುದ್ದಿ ಕೇಳಿದ ಹೊನ್ನಾಂಬೆ ಬಾಗಿಲಲ್ಲೇ ಕಾದಿದ್ದಳು. ಅದೇ ತಟ್ಟೆಯಲ್ಲಿ ಅನ್ನ ಕಲಸಿ, ಮೊದಲ ತುತ್ತು ವಾರಗಿತ್ತಿಯ ಬಾಯಿಗೆ ಹಿಡಿದಳು. ತಾರಾಮಣಿ ಸ್ವಲ್ಪ ಹೊತ್ತು ಬಾಯಿ ತೆರೆಯಲಿಲ್ಲ. ಆಮೇಲೆ ತೆರೆದಳು.

ಮತ್ತೆ ನಾಮಕರಣವಾಯಿತು. ಸೋದರತ್ತೆಯ ಹಕ್ಕು ಸೋದರತ್ತೆಯದೇ, ಅದನ್ನು ರಾಜನೂ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಕಿವಿಯಲ್ಲಿ ಉಸುರುವುದು ಬೇಡ ಎಂದಾಯಿತು. ಚೆನ್ನಾಜಿಯನ್ನು ಕೋಟೆಯ ಬುರುಜಿಗೆ ಹತ್ತಿಸಿದರು. ಪಕ್ಕದಲ್ಲಿ ಬೊಮ್ಮಕ್ಕ. ಇಂದುಮತಿ, ಇಂದುಮತಿ, ಇಂದುಮತಿ ಎಂದು ಚೆನ್ನಾಜಿ ಗಂಟಲು ಹರಿಯುವಂತೆ ಕೂಗಿದಳು. ಊರಿಗೆ ಊರೇ ಕೇಳಿ ತಲೆದೂಗಿತು. ಇಬ್ಬರು ಹೆಣ್ಣುಮಕ್ಕಳೂ ತಮ್ಮ ತಮ್ಮ ಆಯಸ್ಸನ್ನು ತಾವೇ ಉಂಡು ನೂರು ವರ್ಷ ಬಾಳಿದರು. ಸಂಪಿಗೆನಾಡಿನಲ್ಲಿ ಅಂದಿನಿಂದ ಮಕ್ಕಳ ಹೆಸರನ್ನು ಯಾರೂ ಪಿಸುಗುಟ್ಟಲಿಲ್ಲ.