ರುದ್ರೇಶನ ಕೆಚ್ಚಲೆಣ್ಣೆ

"ರುದ್ರೇಶ್ ಅವ್ರೇ, ನಿಮ್ಮ ಎಣ್ಣೆ ಚೆನ್ನಾಗಿದೆ ಕಣ್ರೀ. ಚಕ್ಕುಲಿ ಕರಿಯೋಕೆ."

ದನದ ಡಾಕ್ಟರ್ ವರ್ಷಿಣಿ ಹೀಗೆಂದದ್ದು ಡೈರಿಯ ಬಾಗಿಲಲ್ಲಿ, ಕ್ಯಾನ್ ಹಿಡಿದು ಸಾಲುಗಟ್ಟಿದ್ದ ಇಡೀ ಊರಿನ ಎದುರು. ಜನ ನಕ್ಕ ರಭಸಕ್ಕೆ ದಬ್ಬೇಘಟ್ಟದವರೆಗಿನ ತೋಟಗಳಲ್ಲಿ ಒಣಗಾಯಿ ಉದುರಿದವು. ಕ್ಯಾನಿನೊಳಗಿನ ಹಾಲು ಕೂಡ ಕುಲುಕಿ ಕುಲುಕಿ ನಕ್ಕಿತೆಂದೇ ರುದ್ರೇಶನಿಗೆ ಅನಿಸಿತು.

ನಗುವಂಥ ಎಣ್ಣೆಯೇ ಅದು? ನಿಂಬೆಹುಲ್ಲು, ಲವಂಗ, ಓಮದ ತೈಲಗಳನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಅವನು ಬಾಟಲಿಗೆ ತುಂಬಿದನೆಂದರೆ, ಆ ಘಮಕ್ಕೆ ಮೂರು ಊರಿನ ಸೊಳ್ಳೆಗಳು ಗಂಟುಮೂಟೆ ಕಟ್ಟಿ ಮಾಯಸಂದ್ರದ ಬಸ್ಸು ಹತ್ತುತ್ತಿದ್ದವು. ಹಸುವಿಗೆ ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಕೊಟ್ಟರೆ ಹಲವು ದಿನ ಹಾಲು ಮಾರುವಂತಿಲ್ಲ. ಎಣ್ಣೆಯಲ್ಲೇ ವಾಸಿಯಾದರೆ ಹಸುವೂ ಉಳಿಯಿತು, ಹಾಲೂ ಉಳಿಯಿತು.

"ಇಂಥ ತೈಲಗಳನ್ನ ನಮ್ಮೋರೂ ಪರೀಕ್ಷೆ ಮಾಡ್ತಿದಾರೆ, ಇಲ್ಲ ಅನ್ನಲ್ಲ," ಎಂದಳು ವರ್ಷಿಣಿ. "ಆದ್ರೆ ನೀವು ಹೇಳೋದು ನೋಡಿದ್ರೆ ಸತ್ತ ಹಸುಗೆ ಹಚ್ಚಿದ್ರೂ ಎದ್ದು ಮೇಯೋಕೆ ಹೋಗ್ಬೇಕು."

ಅವನ ನಾಲಿಗೆ ಅವನಿಗಿಂತ ಮೊದಲು ನೆಗೆಯಿತು. "ಶಿವರುದ್ರಮ್ಮಜ್ಜಿ ಹಸು ಕೆಚ್ಚಲು ಬಾತು ಕಲ್ಲಾಗ್ಬುಟ್ಟದೆ. ಮೂರು ದಿನಕ್ಕೆ ಬರೀ ಎಣ್ಣೇಲಿ ಇಳಿಸ್ದೆ ಹೋದ್ರೆ ಮೀಸೆ ಬೋಳಿಸ್ಕಂಡು ಊರೇ ಬುಟ್ಟು ಹೋಯ್ತೀನಿ!"

ಗೆದ್ದರೆ ಅವನ ಎಣ್ಣೆಯನ್ನು ಡೈರಿಯೇ ಮನೆಮನೆಗೆ ಹಂಚುತ್ತದೆಂದು ಕಾರ್ಯದರ್ಶಿ ಒಪ್ಪಿದ. ವರ್ಷಿಣಿ ಷರತ್ತು ಹಾಕಿದಳು: ಮೂರು ದಿನಕ್ಕೆ ಬಾವು ಇಳಿಯದಿದ್ದರೆ ತಾನೇ ಇಂಜೆಕ್ಷನ್ ಚುಚ್ಚುತ್ತಾಳೆ; ಇಳಿದರೆ ಎಂಟನೇ ದಿನ ಹಾಲಿನ ಪರೀಕ್ಷೆ; ಅಲ್ಲಿಯವರೆಗೆ ಆ ಹಾಲು ಡೈರಿಗೆ ಬರಕೂಡದು; ಕದ್ದು ಔಷಧಿ ಕೊಟ್ಟಿದ್ದರೆ ಪೊಲೀಸ್ ಕೇಸು.

ಅಂದಿನಿಂದ ಊರೇ ಅವನಿಗೆ ಬೋನಾಯಿತು. ಹೋಟೆಲಿಗೆ ಹೋದರೆ "ಮೀಸೆ ಹೆಂಗದೆ ಕಣ್ಲಾ?" ತೋಟಕ್ಕೆ ಹೋದರೆ ಬೇಲಿಯಾಚೆಯಿಂದ "ಕತ್ತಿ ಮಸೀಲೇನ್ಲಾ?" ಮಲಗಿದರೆ ಹೆಂಡತಿಯೂ ಮೀಸೆಯನ್ನೇ ನೋಡುತ್ತಿದ್ದಳು. ಎಣ್ಣೆ ಸಣ್ಣ ಬಾವಿಗೆ ಸರಿ, ಕಲ್ಲಾದ ಕೆಚ್ಚಲಿಗೆ ಸಾಲದು ಎಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಆದರೆ ಅವನದು ಎಂಥ ತಲೆ! ತುರುವೇಕೆರೆಯಲ್ಲಿ ಗುರುತು ಹಿಡಿಯುತ್ತಾರೆಂದು ತಿಪಟೂರಿಗೆ ಹೋಗಿ, ಮೊಲೆತೊಟ್ಟಿನೊಳಗೆ ಏರಿಸುವ ಆಂಟಿಬಯೋಟಿಕ್ ಟ್ಯೂಬುಗಳನ್ನು ತಂದ. ಎಣ್ಣೆ ಹಚ್ಚುವಾಗ ಯಾರೂ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಅಜ್ಜಿಗೆ ಹೇಳಿದ. ಅವಳು ಭಕ್ತಿಯಿಂದ ಬೆನ್ನು ತಿರುಗಿಸಿ ನಿಂತಳು. ಎರಡು ದಿನ ಹೊರಗೆ ಎಣ್ಣೆ, ಒಳಗೆ ಟ್ಯೂಬು. ಖಾಲಿ ಟ್ಯೂಬು ಬಚ್ಚಲೊಲೆಯಲ್ಲಿ ತೆಂಗಿನ ಮಟ್ಟೆಯ ಜೊತೆ ಬೂದಿಯಾಯಿತು. ಔಷಧಿ ನಿಲ್ಲಿಸಿದ ನಾಲ್ಕು ದಿನಕ್ಕೆ ಹಾಲು ಶುದ್ಧವಾಗುತ್ತದೆಂದು ಟ್ಯೂಬಿನ ಜೊತೆ ಬಂದ ಚೀಟಿಯಲ್ಲಿತ್ತು. ಎಂಟನೇ ದಿನಕ್ಕೆ ಅದರ ವಾಸನೆಯೂ ಉಳಿಯದು. ನಡುವಿನ ಹಾಲನ್ನು ಡೈರಿಗೆ ತರಬೇಡಿ ಎಂದು ಡಾಕ್ಟರಮ್ಮನೇ ಅಪ್ಪಣೆ ಕೊಡಿಸಿದ್ದಳು! "ತೆಂಗಿನ ಬುಡಕ್ಕೆ ಚೆಲ್ಲಜ್ಜಿ," ಎಂದ. ಅವಳು ಚೆಲ್ಲುವುದನ್ನು ಎರಡು ದಿನ ಕಣ್ಣಾರೆ ಕಂಡ. ಬ್ರಹ್ಮನೇ ತನಿಖೆಗೆ ಬಂದರೂ ಬರಿಗೈಯಲ್ಲಿ ಹೋಗಬೇಕು.

ಮೂರನೇ ದಿನ ಬಾವು ಇಳಿಯಿತು. ಎಂಟನೇ ದಿನ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ವರ್ಷಿಣಿ ನಾಲ್ಕೂ ಮೊಲೆಯ ಹಾಲು ಹಿಂಡಿ, ಪರೀಕ್ಷೆಯ ಪಟ್ಟಿ ಅದ್ದಿ, ಎರಡೆರಡು ಸಲ ನೋಡಿದಳು. ಔಷಧಿಯ ಸುಳಿವಿಲ್ಲ. "ಸೋತೆ ಕಣ್ರೀ," ಎಂದು ಕೈಮುಗಿದಳು. ಚಪ್ಪಾಳೆಗೆ ಹಸು ಹಗ್ಗ ಕಿತ್ತುಕೊಳ್ಳುವುದರಲ್ಲಿತ್ತು. ರುದ್ರೇಶ ಎಂಟು ದಿನದಲ್ಲಿ ಮೊದಲ ಬಾರಿ ಪೂರ್ತಿ ಉಸಿರು ಬಿಟ್ಟ.

"ಇಷ್ಟೇ ಅಂದ್ಕಬ್ಯಾಡಿ ಡಾಕ್ಟ್ರಮ್ಮ, ಅವನ ಎಣ್ಣೆ ಪವರ್ರು ಇನ್ನೂ ಅದೆ!" ಶಿವರುದ್ರಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಹಸು ಉಳಿದ್ರೆ ಮೊದಲ ಬೆಣ್ಣೆ ಮನೆದೇವ್ರಿಗೆ ಮೀಸಲು ಅಂತ ಹರಕೆ ಹೊತ್ತಿದ್ದೆ. ಮೂರ್ನೇ ದಿನ ಹಾಲು ಬೆಳ್ಳಗೆ ಬಂತಲ್ಲ, ಒಂದು ಚೆಂಬು ಎತ್ತಿಟ್ಟು ಹೆಪ್ಪು ಹಾಕ್ದೆ. ಎರಡು ದಿನ ಕಾದ್ರೂ ಮೊಸರೇ ಆಗ್ಲಿಲ್ಲ ಕಣವ್ವ! ಅದೇ ಹೆಪ್ಪಿಗೆ ಪಕ್ಕದ ಮನೆ ಹಾಲು ಕಲ್ಲಿನಂಗೆ ಗಟ್ಟಿ ಮೊಸರಾಯ್ತು." ರುದ್ರೇಶ "ಎಣ್ಣೆ ಘಮಕ್ಕೆ ಅಜ್ಜಿ, ಘಮಕ್ಕೆ..." ಎನ್ನುತ್ತ ಹಿಂದಕ್ಕೆ ಹೆಜ್ಜೆಯಿಟ್ಟ, ಬೆನ್ನಿಗೆ ಗೋದಲಿ ತಾಗಿತು, ಬಾಗಿಲ ತುಂಬ ಜನ. ವರ್ಷಿಣಿ ಮುಚ್ಚಿದ್ದ ಪರೀಕ್ಷೆಯ ಪಟ್ಟಿಗಳ ಡಬ್ಬಿಯನ್ನು ಮತ್ತೆ ತೆರೆದಳು. "ಮೇಲೆ ಹಚ್ಚಿದ ಎಣ್ಣೆಗೆ ಹೆಪ್ಪು ಸಾಯಲ್ಲ ರುದ್ರೇಶ್ ಅವ್ರೇ. ಆಂಟಿಬಯೋಟಿಕ್ ಇರೋ ಹಾಲು ಮಾತ್ರ ಹೀಗೆ ಹೆಪ್ಪಾಗದೆ ಕೂರುತ್ತೆ. ಅಜ್ಜಿ, ಆ ಹಾಲು ಚೆಲ್ಲಿಬಿಟ್ರಾ?" ಶಿವರುದ್ರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಶಿವಶಿವಾ! ಮೀಸಲು ಯಾರಾದ್ರೂ ಚೆಲ್ತಾರಾ ತಾಯಿ? ಫ್ರಿಜ್ಜಲ್ಲಿ ಮಡಗಿವ್ನಿ, ಇರಿ, ತತ್ತೀನಿ."