ಖಾಲಿ ಬಿಟ್ಟ ಚೌಕ

“ನವ್ಯ ಅವರೇ, ಬೋರ್ಡಿನ ಮೂಲೇಲಿ ಒಂದು ಬಿಳಿ ಚೌಕ ಐತೆ. ಡಿಸೈನ್ ಮಾಡಿದವರ ಹೆಸರಿಗೆ ಜಾಗ. ಏನಂತ ಪ್ರಿಂಟ್ ಮಾಡ್ಸೋಣ?”

ಉರಿಗಾಂನ ತಮ್ಮ ಮನೆಯ ಜಗಲಿಯಲ್ಲಿ ಕೂತು ವೇಣು ಕೇಳಿದರು. ನಾನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, “ಖಾಲಿ ಬಿಡಿ. ನನ್ನ ಹೆಸರು ಯಾರಿಗೂ ಹೇಳ್ಬೇಡಿ,” ಎಂದೆ.

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಹುಚ್ಚಿನವರ ವಾಟ್ಸಾಪ್ ಗುಂಪು ನಮ್ಮದು. ಎಲ್ಲರ ಪರವಾಗಿ ಒಟ್ಟಿಗೆ ಸರ್ಕ್ಯೂಟ್ ಬೋರ್ಡ್ ಮಾಡಿಸುವ ಹೊಣೆ ವೇಣು ಹೊತ್ತಿದ್ದರು. ವಿನ್ಯಾಸ ನನ್ನದು. ಜನ ಸೇರಿದ್ದು ಮಾತ್ರ ಅವರ ಮಾತು ನಂಬಿ. ಬೋರ್ಡಿನಿಂದ ಸ್ಪೀಕರು ಗುಂಯ್‌ಗುಟ್ಟಿದರೆ ಹೋಗುವುದು ಅವರ ಮರ್ಯಾದೆ. ನನ್ನ ವಿನ್ಯಾಸದ ಮೇಲೆ ನನಗೇ ಪೂರ್ತಿ ನಂಬಿಕೆ ಇರಲಿಲ್ಲ; ಹೆಸರು ಬೇಡವೆಂದದ್ದೂ ಅದಕ್ಕೇ.

ಬೋರ್ಡುಗಳು ಬಂದವು. ಮೊದಲನೆಯದನ್ನು ಜೋಡಿಸಿ, ಹಾಡು ಹಾಕದೆ ವಾಲ್ಯೂಮ್ ಪೂರ್ತಿ ತಿರುಗಿಸಿದೆವು. ಸ್ಪೀಕರಿಗೆ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು ಕಿವಿಯಿಟ್ಟೆವು. ಅವರ ಮುಂಗೂದಲು ನನ್ನ ಹಣೆಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

ಅವರಮ್ಮ ಕದಿರಮ್ಮ ಕಾಫಿ ಹಿಡಿದು ಬಂದರು. “ಏನ್ಡಾ ವೇಣು, ಪಾಟ್ಟೇ ಇಲ್ಲ, ಒಂದು ಹಾಡೂ ಇಲ್ಲ, ಇಬ್ರೂ ಏನ್ ಕೇಳ್ತಾ ಇದ್ದೀರಾ?”

“ಏನೂ ಕೇಳಿಸ್ಬಾರ್ದಮ್ಮಾ. ಅದನ್ನೇ ಕೇಳ್ತಾ ಇದೀವಿ.”

“ಅದುಕ್ಕೆ ಇಷ್ಟು ಹತ್ರ ಕೂರ್ಬೇಕಾ?”

ನನ್ನ ಕಿವಿ ಬಿಸಿಯಾಯಿತು. ಸ್ಪೀಕರಿನಲ್ಲಿ ಮಾತ್ರ ಗುಂಯ್ ಇಲ್ಲ, ಸುಯ್ ಇಲ್ಲ.

“ಇಂಥ ಮೌನ ನಾನ್ ಕೇಳೇ ಇಲ್ಲ, ನವ್ಯ,” ಎಂದರು ವೇಣು. ನನ್ನ ಹೆಸರಿನ ಜೊತೆ ‘ಅವರೇ’ ಇರಲಿಲ್ಲ.

ಭಾನುವಾರ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಹಂಚಿಕೆ. ರೈಲಿಳಿದು ಬಂದವರು ಬೋರ್ಡನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಆಂಡರ್ಸನ್‌ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಸೆಲ್ವರಾಜ್ ಬಿಳಿ ಚೌಕದ ಮೇಲೆ ಬೆರಳಿಟ್ಟರು.

“ತಂಬಿ, ಇದ್ಯಾಕೆ ಖಾಲಿ? ಇಷ್ಟು ಚೆಂದ ಮಾಡ್ದೋನು ಯಾರಪ್ಪಾ, ಬೆಂಗ್ಳೂರೋನಾ?”

ವೇಣು ಬಾಯಿ ತೆರೆದರು. ನನ್ನ ಕಡೆ ನೋಡಿ ಮುಚ್ಚಿಕೊಂಡರು. ಹೇಳುವ ಆಸೆ ಮುಖದ ತುಂಬ ಇತ್ತು. ನನಗೆ ಕೊಟ್ಟ ಮಾತಿಗಾಗಿ ತುಟಿ ಕಚ್ಚಿ ನಿಂತಿದ್ದರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

ಅವರ ಜೇಬಿನ ಮಾರ್ಕರ್ ಎಳೆದುಕೊಂಡೆ. “ಬೆಂಗ್ಳೂರೋನಲ್ಲ ಅಣ್ಣ, ಬೇತಮಂಗಲದೋಳು. ನಾನೇ.”

ಸೆಲ್ವರಾಜರ ಬೋರ್ಡಿನ ಮೇಲೆ ನನ್ನ ಹೆಸರು ಬರೆದೆ.

“ಅಡಡಾ! ನಮ್ ಕಡೆ ಹುಡುಗೀನಾ!” ಎಂದು ಅವರು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಕೂಗಿದರು. ಉಳಿದವರೂ ಬೋರ್ಡು ಚಾಚಿದರು. ಎಲ್ಲದರ ಮೇಲೂ ಬರೆದೆ. ಪಕ್ಕದಲ್ಲಿ ವೇಣು, ತಾವೇ ಗೆದ್ದವರ ಹಾಗೆ ಎದೆಯುಬ್ಬಿಸಿ ನಿಂತಿದ್ದರು.

ಎಲ್ಲರೂ ಹೋದ ಮೇಲೆ ವೇಣು ತಮ್ಮ ಬೋರ್ಡನ್ನು ನೀಡಿದರು. ಬರೆದು ಕೊಟ್ಟೆ. ಓದಿದರು, ಮತ್ತೆ ಓದಿದರು.

“ಇದ್ರಲ್ಲಿ ನನ್ ಹೆಸ್ರೂ ಐತಲ್ಲ?”

“ಜಾಗ ಇತ್ತು, ವೇಣು,” ಎಂದೆ. ಈ ಸಲ ಕಣ್ಣೆತ್ತಿ.